ನೀರಣ್ಣನ ಗಾಳಿಯಿಲ್ಲದ ಲೆಕ್ಕ

ಅಗ್ನಿಶಾಮಕ ಠಾಣೆಯಲ್ಲಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ನೀರಣ್ಣ. ಇಪ್ಪತ್ತೆರಡು ವರ್ಷದಿಂದ ಪೈಪಿನ ಮೂತಿ ಹಿಡಿಯುವುದು ಅವನ ಕೆಲಸ. ಬೆಂಕಿ ಬಿದ್ದ ಕಡೆ ವಾಹನ ನಿಂತು, ಉಳಿದವರು ಪೈಪು ಬಿಚ್ಚಿ ಜೋಡಿಸುವಷ್ಟರಲ್ಲಿ ಇವನು ಕಟ್ಟಡವನ್ನು ಒಂದು ಸಲ ಕೆಳಗಿಂದ ಮೇಲೆ ನೋಡಿ, ಎರಡು ಹೆಜ್ಜೆ ಹಿಂದಕ್ಕೋ ಮುಂದಕ್ಕೋ ಸರಿದು, ಮೂತಿಯನ್ನು ಕಂಕುಳಿಗೆ ಒತ್ತಿಕೊಂಡು ನಿಲ್ಲುತ್ತಿದ್ದ. ಅಷ್ಟೇ. ಯಾವ ಕಿಟಕಿ ಎಂದರೆ ಆ ಕಿಟಕಿಗೇ ನೀರು. ಈ ವಿಷಯದಲ್ಲಿ ಅವನದು ಎತ್ತಿದ ಕೈ ಎಂದು ಅವನನ್ನು ಕಂಡರಾಗದವರೂ ಒಪ್ಪುತ್ತಿದ್ದರು.

ಮಾತಿನ ವಿಷಯಕ್ಕೆ ಬಂದರೆ ಕತೆಯೇ ಬೇರೆ. ಮಾತನ್ನು ಎಲ್ಲಿಗೆ ಗುರಿಯಿಡಬೇಕು, ಎಷ್ಟು ಜೋರಿನಲ್ಲಿ ಬಿಡಬೇಕು ಎನ್ನುವುದು ಆ ಮಹಾನುಭಾವನಿಗೆ ಹುಟ್ಟಿದಾಗಿನಿಂದ ತಿಳಿದಿರಲಿಲ್ಲ. ಹೆಂಡತಿ ನಾಲ್ಕು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ತಾಯಿಯ ಮನೆಗೆ ಹೋದಾಗ ಜಗಳವೂ ಆಗಲಿಲ್ಲ. "ನೀನು ಮನೇಲಿದ್ರೂ ಠಾಣೆ ಗಂಟೆ ಯಾವಾಗ ಹೊಡೆಯುತ್ತೆ ಅಂತ ಕಾಯ್ತಾ ಕೂತಿರ್ತೀಯ. ನಂಗೆ ಸಾಕಾಯ್ತು," ಎಂದಳು. ಅದು ಸುಳ್ಳಾಗಿರಲಿಲ್ಲ. ಬಟ್ಟೆಯ ಪೆಟ್ಟಿಗೆಯನ್ನು ಇವನೇ ಮೆಟ್ಟಿಲು ಇಳಿಸಿಕೊಟ್ಟ. ಹೋಗಬೇಡ ಎಂಬ ಒಂದು ಮಾತು ಗಂಟಲಿನವರೆಗೆ ಬಂದು ಅಲ್ಲೇ ಉಳಿಯಿತು, ಈಗಲೂ ಅಲ್ಲೇ ಇದೆ.

ಹೆಂಡತಿಗೆ ಬಟ್ಟೆಯಂಗಡಿಯಲ್ಲಿ ಕೆಲಸ. ಭಾನುವಾರ ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ನೀರಣ್ಣ ಅತ್ತೆಯ ಮನೆಗೆ ಹೋಗಿ ಮಗಳನ್ನು ನೋಡಬಹುದು ಎಂದು ಏರ್ಪಾಡಾಯಿತು. ವಾರದಲ್ಲಿ ಎರಡು ಗಂಟೆ. ಸೋಮವಾರದಿಂದ ಶನಿವಾರದವರೆಗೆ ಅವನು ಆ ಎರಡು ಗಂಟೆಯನ್ನು ನೆನೆಯುತ್ತಲೇ ಪೈಪು ತೊಳೆಯುತ್ತಿದ್ದ, ಒಣಗಿಸುತ್ತಿದ್ದ, ಸುತ್ತಿಡುತ್ತಿದ್ದ. ಮಗಳಿಗೆ ಇದನ್ನು ಹೇಳಬೇಕು, ಅದನ್ನು ಕೇಳಬೇಕು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡುತ್ತಿದ್ದ. ಭಾನುವಾರ ಮೂರು ಗಂಟೆಗೆ ಆ ಮನೆಯ ಊಟದ ಮೇಜಿನ ಎದುರು ಕುಳಿತ ಕೂಡಲೆ ಬಾಯಿಗೆ ಬೀಗ ಬೀಳುತ್ತಿತ್ತು.

"ಊಟ ಆಯ್ತಾ?"

"ಆಯ್ತು."

"ಓದು?"

"ನಡೀತಿದೆ."

ಅಲ್ಲಿಗೆ ಮೂರು ಗಂಟೆ ಎರಡು ನಿಮಿಷ. ಉಳಿದ ನೂರ ಹದಿನೆಂಟು ನಿಮಿಷ ಅಪ್ಪ ಗೋಡೆ ಗಡಿಯಾರ ನೋಡುತ್ತಿದ್ದ, ಮಗಳು ಉಗುರು ನೋಡಿಕೊಳ್ಳುತ್ತಿದ್ದಳು, ಪಕ್ಕದ ಕೋಣೆಯಲ್ಲಿ ಅತ್ತೆ ಇಬ್ಬರಿಗೂ ಕೇಳುವಂತೆ ನಿಟ್ಟುಸಿರು ಬಿಡುತ್ತಿದ್ದರು.

ಬೆಂಕಿಗೆ ಹೆದರದ ಮನುಷ್ಯ ಆ ಮೇಜಿಗೆ ಹೆದರಿದ. ಒಂದು ಭಾನುವಾರ ಅತ್ತೆಗೆ ಫೋನ್ ಮಾಡಿ, "ಡ್ಯೂಟಿ ಬಿದ್ದಿದೆ ಅತ್ತೆ, ಬರೋಕಾಗಲ್ಲ," ಎಂದ. ಡ್ಯೂಟಿ ಅವನ ಮೇಲೆ ಬಿದ್ದಿರಲಿಲ್ಲ, ಅವನೇ ಹೋಗಿ ಅದರ ಮೇಲೆ ಬಿದ್ದಿದ್ದ. ಬೇರೆಯವರ ಪಾಳಿ ಕೇಳಿ ಪಡೆದಿದ್ದ. ಮುಂದಿನ ತಿಂಗಳು ಎರಡು ಭಾನುವಾರ ಹೀಗಾಯಿತು, ಅದರ ಮುಂದಿನ ತಿಂಗಳು ಮೂರು. ಆ ಮಧ್ಯಾಹ್ನಗಳಲ್ಲಿ ಠಾಣೆಯ ಬೆಂಚಿನ ಮೇಲೆ ಕುಳಿತವನು ಮೂರು ಹೊಡೆದರೆ ಎದ್ದು, ಸುತ್ತಿಟ್ಟ ಪೈಪನ್ನೇ ಮತ್ತೆ ಬಿಚ್ಚಿ ಸುತ್ತುತ್ತಿದ್ದ. ಹೋದರೆ ಸಂಕಟ, ಹೋಗದಿದ್ದರೆ ಅದಕ್ಕಿಂತ ಹೆಚ್ಚಿನ ಸಂಕಟ. ಮಗಳಿಗೆ ಹೇಗೂ ತನ್ನ ಅಗತ್ಯವಿಲ್ಲ, ಅವಳಿಗಾದರೂ ಎರಡು ಗಂಟೆ ಬಿಡುವಾಗಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಹೇಡಿಗಳಿಗೆ ಇಂಥ ಸಮಾಧಾನಗಳು ಬೇಗ ಹೊಳೆಯುತ್ತವೆ.

ಮಗಳಿಗೆ ಹದಿನಾರು ತುಂಬಿ ಕಾಲೇಜಿನ ಮೊದಲ ವರ್ಷದ ವಿಜ್ಞಾನಕ್ಕೆ ಸೇರಿದಳು. ಆ ವರ್ಷದ ಒಂದು ಭಾನುವಾರ, ಪಾಳಿ ಬಿಟ್ಟುಕೊಡುವವರು ಯಾರೂ ಸಿಗದೆ, ನೀರಣ್ಣ ವಿಧಿಯಿಲ್ಲದೆ ಹೋದ. ಅವಳು ಮುಖ ಊದಿಸಿಕೊಂಡು ಭೌತಶಾಸ್ತ್ರದ ಪುಸ್ತಕದ ಮುಂದೆ ಕುಳಿತಿದ್ದಳು. ಎಂದಿನ ಎರಡು ಪ್ರಶ್ನೆ, ಎರಡು ಉತ್ತರ ಮುಗಿದವು. ಆಮೇಲೆ ಅವಳು ಪುಸ್ತಕವನ್ನು ಅವನ ಕಡೆ ತಿರುಗಿಸಿದಳು.

"ಅಪ್ಪ, ಇದು ನಿನ್ನ ಕೆಲಸದ ಲೆಕ್ಕ ನೋಡು. ಪ್ರೊಜೆಕ್ಟೈಲ್ ಅಂತ, ಎಸೆದದ್ದು ಎಲ್ಲಿ ಹೋಗಿ ಬೀಳುತ್ತೆ ಅನ್ನೋದು."

ಅಗ್ನಿಶಾಮಕ ದಳದವನೊಬ್ಬ ಕಟ್ಟಡದಿಂದ ಇಪ್ಪತ್ತು ಮೀಟರ್ ದೂರದಲ್ಲಿ ನಿಂತಿದ್ದಾನೆ. ಪೈಪನ್ನು ನಲವತ್ತೈದು ಡಿಗ್ರಿ ಓರೆಯಾಗಿ ಹಿಡಿದಿದ್ದಾನೆ. ನೀರು ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ ಹೊರಡುತ್ತದೆ. ಗೋಡೆಗೆ ಎಷ್ಟು ಎತ್ತರದಲ್ಲಿ ತಾಗುತ್ತದೆ? ನೀರಣ್ಣ ಎರಡು ಸಲ ಓದಿದ. ಪುಸ್ತಕದೊಳಗೆ ತನ್ನಂಥವನೊಬ್ಬ ನಿಂತಿದ್ದಾನೆಂದು ಅವನು ಕನಸಿನಲ್ಲೂ ನೆನೆಸಿರಲಿಲ್ಲ. ಕಣ್ಣು ಮುಚ್ಚಿ ಗೋಡೆ ಕಂಡುಕೊಂಡ.

"ಎರಡನೇ ಮಹಡಿ ಕಿಟಕಿ. ಎಂಟು ಮೀಟರ್ ಇರಬಹುದು," ಎಂದ.

ಮಗಳು ಪುಸ್ತಕದ ಕೊನೆಯ ಪುಟ ತೆಗೆದು ಉತ್ತರ ನೋಡಿದಳು. "ಹತ್ತು ಮೀಟರ್."

"ಹತ್ತಾ? ಸಾಧ್ಯವೇ ಇಲ್ಲ."

"ಪುಸ್ತಕ ಸುಳ್ಳು ಹೇಳುತ್ತಾ?"

"ಪುಸ್ತಕ ಬರೆದೋನು ಪೈಪ್ ಹಿಡಿದಿದ್ನಾ?"

ಅವಳು ನಕ್ಕುಬಿಟ್ಟಳು. ನಾಲ್ಕು ವರ್ಷದಲ್ಲಿ ಆ ಮೇಜಿನ ಮೇಲೆ ಕೇಳಿದ ಮೊದಲ ನಗು ಅದು. ಪಕ್ಕದ ಕೋಣೆಯ ನಿಟ್ಟುಸಿರು ಅರ್ಧಕ್ಕೇ ನಿಂತಿತು. ಆ ನಗುವನ್ನು ಜೋಪಾನವಾಗಿ ಎತ್ತಿಕೊಂಡು ನೀರಣ್ಣ ಮನೆಗೆ ಬಂದ, ಮತ್ತು ಅದನ್ನು ಇನ್ನೊಂದು ಸಲ ಕೇಳಬೇಕೆಂದರೆ ಆ ಹತ್ತು ಮೀಟರ್ ಎಲ್ಲಿಂದ ಬಂತೆಂದು ತಿಳಿಯಲೇಬೇಕು ಎಂದು ನಿರ್ಧರಿಸಿದ.

ಠಾಣೆಯಲ್ಲಿ ಪಂಪ್ ನೋಡಿಕೊಳ್ಳುವವನು ಡಿಪ್ಲೊಮಾ ಓದಿದವನು. ಬೆಳಗಿನ ಚಹಾದ ಹೊತ್ತಿಗೆ ನೀರಣ್ಣ ಅವನ ಮುಂದೆ ಹೋಗಿ ಕುಳಿತ. ಪಂಪಿನವನು ಸೀಮೆಸುಣ್ಣ ತೆಗೆದುಕೊಂಡು ಸಿಮೆಂಟ್ ನೆಲದ ಮೇಲೆ ಒಂದು ಓರೆ ಬಾಣ ಬರೆದ.

"ನೋಡಣ್ಣ, ನೀರು ಹೊರಟಾಗ ಅದರ ವೇಗಾನ ಎರಡು ಪಾಲು ಮಾಡು. ಒಂದು ಅಡ್ಡಕ್ಕೆ, ಒಂದು ಮೇಲಕ್ಕೆ. ಅಡ್ಡಕ್ಕೆ ಹೋಗೋದು ತನ್ನ ಪಾಡಿಗೆ ಒಂದೇ ವೇಗದಲ್ಲಿ ಹೋಗ್ತಾ ಇರುತ್ತೆ. ಮೇಲಕ್ಕೆ ಹೋಗೋದನ್ನ ಮಾತ್ರ ಭೂಮಿ ಕೆಳಕ್ಕೆ ಎಳೀತಿರುತ್ತೆ. ಇದರ ಗೊಡವೆ ಅದಕ್ಕಿಲ್ಲ, ಅದರ ಗೊಡವೆ ಇದಕ್ಕಿಲ್ಲ. ಗಂಡ ಹೆಂಡತಿ ಮಾತು ಬಿಟ್ಟ ಮನೆ ಇದ್ದಂಗೆ..."

ಯಾರ ಮುಂದೆ ಏನು ಹೇಳುತ್ತಿದ್ದೇನೆಂದು ಹೊಳೆದು ಪಂಪಿನವನು ನಾಲಿಗೆ ಕಚ್ಚಿಕೊಂಡ. ನೀರಣ್ಣ ನೆಲದ ಬಾಣವನ್ನೇ ನೋಡುತ್ತಿದ್ದ.

"ಮತ್ತೆ ಎರಡನ್ನೂ ಸೇರಿಸೋದು ಯಾವುದು?" ಎಂದು ಕೇಳಿದ.

"ಸಮಯ ಅಣ್ಣ. ಎರಡಕ್ಕೂ ಸಮಯ ಒಂದೇ. ಅಡ್ಡ ದಾರೀಲಿ ಗೋಡೆ ಮುಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ಹುಡುಕು. ಅಷ್ಟೇ ಹೊತ್ತಲ್ಲಿ ಮೇಲಕ್ಕೆ ಎಷ್ಟು ಹೋಗಿರುತ್ತೆ ಅಂತ ನೋಡು. ಅದೇ ಉತ್ತರ."

ಆ ವಾರವೆಲ್ಲ ನೀರಣ್ಣನಿಗೆ ಅದೇ ಧ್ಯಾನ. ಹತ್ತನೇ ತರಗತಿಗೆ ಓದು ಬಿಟ್ಟವನು. ಸೈನ್, ಕೊಸೈನ್ ಎಂದರೆ ಕಬ್ಬಿಣದ ಕಡಲೆ. ಗ್ರಂಥಾಲಯದಿಂದ ಪುಸ್ತಕ ತಂದ. ಉಪಕರಣಗಳ ಕಪಾಟಿನ ಬಾಗಿಲ ಒಳಬದಿಗೆ ಸೂತ್ರಗಳನ್ನು ಬರೆದು ಅಂಟಿಸಿದ. ಹೆಲ್ಮೆಟ್ ತೆಗೆಯುವಾಗೊಮ್ಮೆ ಓದುತ್ತಿದ್ದ, ಇಡುವಾಗೊಮ್ಮೆ ಓದುತ್ತಿದ್ದ. "ನೀರಣ್ಣ ಮತ್ತೆ ಸ್ಕೂಲಿಗೆ ಸೇರ್ತಾನಂತೆ, ಚಡ್ಡಿ ಹೊಲಿಸ್ಬೇಕು," ಎಂದು ಠಾಣೆಯವರೆಲ್ಲ ಕಾಲೆಳೆದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಶನಿವಾರದ ಹೊತ್ತಿಗೆ ಹತ್ತು ಮೀಟರ್ ಅವನ ಪೆನ್ಸಿಲ್ಲಿನಿಂದಲೇ ಹೊರಬಂತು. ಅಂಥ ಖುಷಿ ಅವನಿಗೆ ಯಾವ ಬೆಂಕಿ ಆರಿಸಿದಾಗಲೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಭಾನುವಾರಗಳ ಬಣ್ಣವೇ ಬೇರೆಯಾಯಿತು. ಗುಡ್ಡದ ತುದಿಯಿಂದ ಎಸೆದ ಕಲ್ಲು, ಓಡುವ ರೈಲಿನೊಳಗೆ ಚಿಮ್ಮಿಸಿದ ಚೆಂಡು, ವಿಮಾನದಿಂದ ಬಿಟ್ಟ ಮೂಟೆ, ಎಲ್ಲವೂ ಆ ಊಟದ ಮೇಜಿನ ಮೇಲೆ ಬಂದು ಬಿದ್ದವು. ಮೊದಲು ಚಿತ್ರ ಬರೆಯಬೇಕು, ಆಮೇಲೆ ವೇಗವನ್ನು ಎರಡು ಪಾಲು ಮಾಡಬೇಕು, ಆಮೇಲೆ ಸಮಯ ಹುಡುಕಬೇಕು ಎಂದು ಅಪ್ಪ ಹೇಳುತ್ತಿದ್ದ. ಮಗಳು ವಾದ ಮಾಡುತ್ತಿದ್ದಳು, ಅವನ ಕೈಯಿಂದ ಪೆನ್ಸಿಲ್ ಕಿತ್ತುಕೊಳ್ಳುತ್ತಿದ್ದಳು. ಅತ್ತೆ ಕೇಳದೆಯೇ ಚಹಾ ತಂದಿಡತೊಡಗಿದರು. ನೀರಣ್ಣ ಒಂದೇ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

"ನೀನು ಬೇರೆ ಪಾಠಾನೂ ಹೀಗೇ ಹೇಳಿಕೊಡ್ತೀಯಾ?" ಎಂದು ಅವಳು ಒಂದು ದಿನ ಕೇಳಿದಳು.

"ಅಯ್ಯೋ, ಇದೊಂದು ಬಿಟ್ರೆ ನಂಗೆ ಇನ್ನೇನು ಗೊತ್ತು?" ಎಂದು ಅವನು ನಕ್ಕ. ಅವಳು ನಗಲಿಲ್ಲ. ಅವನು ಅದನ್ನು ಗಮನಿಸಲೂ ಇಲ್ಲ, ಚಹಾ ಕುಡಿಯುತ್ತಿದ್ದ.

ಎಡವಟ್ಟಾದದ್ದು ನಂತರ. ಒಂದು ವಸ್ತುವನ್ನು ಅತ್ಯಂತ ದೂರಕ್ಕೆ ಎಸೆಯಬೇಕಾದರೆ ಯಾವ ಕೋನದಲ್ಲಿ ಎಸೆಯಬೇಕು ಎಂಬ ಪ್ರಶ್ನೆ ಬಂತು. ಪುಸ್ತಕದಲ್ಲಿ ನಲವತ್ತೈದು ಡಿಗ್ರಿ ಎಂದಿತ್ತು. ನೀರಣ್ಣನಿಗೆ ರೋಷ ಉಕ್ಕಿತು. "ಇದನ್ನ ಮಾತ್ರ ನಂಬಬೇಡ. ಇಪ್ಪತ್ತೆರಡು ವರ್ಷ ಹಿಡಿದಿದ್ದೀನಿ. ಮೂವತ್ತು ಡಿಗ್ರಿ ಚಿಲ್ಲರೆ, ಅಷ್ಟೇ. ಅದರ ಮೇಲೆ ಎತ್ತಿದ್ರೆ ನೀರು ಗಾಳೀಲಿ ಒಡೆದು ಪುಡಿಪುಡಿಯಾಗಿ ಇಲ್ಲೇ ಉದುರುತ್ತೆ. ಠಾಣೆಗೆ ಬಂದು ಯಾರನ್ನಾದ್ರೂ ಕೇಳು," ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಪೈಪು ಹಿಡಿದ ಯಾರಾದರೂ ಹಾಗೇ ಹೇಳುತ್ತಾರೆ. ಮಗಳು ಒಂದು ಕ್ಷಣ ಪುಸ್ತಕ ನೋಡಿದಳು, ಒಂದು ಕ್ಷಣ ಅಪ್ಪನನ್ನು ನೋಡಿದಳು, ಆಮೇಲೆ ಅಪ್ಪನನ್ನು ನಂಬಿದಳು.

ಕಿರುಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಅವಳು ಮೂವತ್ತು ಎಂದು ಬರೆದು, ಅದರ ಮೇಲೆ ಮುಂದಿನ ಮೂರು ಲೆಕ್ಕವನ್ನೂ ಕಟ್ಟಿದ್ದಳು. ಅಡಿಪಾಯದಲ್ಲೇ ಬಿದ್ದ ತಪ್ಪಿನ ಮೇಲೆ ಎದ್ದದ್ದೆಲ್ಲ ಕುಸಿಯಿತು. ಇಪ್ಪತ್ತಕ್ಕೆ ಆರು. ಆ ಭಾನುವಾರ ಅವಳು ಉತ್ತರಪತ್ರಿಕೆಯನ್ನು ಮೇಜಿನ ಮೇಲಿಟ್ಟು, "ನೀನು ಹೇಳಿದ್ದನ್ನೇ ಬರೆದೆ," ಎಂದಷ್ಟೇ ಹೇಳಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದು ಅವನು ಐದರವರೆಗೂ ಆ ಬಾಗಿಲನ್ನು ನೋಡುತ್ತ ಕುಳಿತ.

ಹೊರಡುವಾಗ ಅತ್ತೆ ಹೆಂಡತಿಯ ಮಾತು ತಲುಪಿಸಿದರು. "ತಿಂಗಳ ಕೊನೇಲಿ ಇದೇ ಪಾಠದ ಮೇಲೆ ಇನ್ನೊಂದು ಪರೀಕ್ಷೆ ಇದೆಯಂತೆ. ಅದರಲ್ಲೂ ಹೀಗೇ ಆದ್ರೆ ಟ್ಯೂಷನ್‌ಗೆ ಹಾಕ್ತಾಳಂತೆ. ಟ್ಯೂಷನ್ ಮೇಷ್ಟ್ರಿಗೆ ಬಿಡುವಿರೋದು ಭಾನುವಾರ ಮೂರರಿಂದ ಐದು ಮಾತ್ರ. ನೀವೇ ಯೋಚನೆ ಮಾಡಿ." ನೀರಣ್ಣ ಹೊಸ್ತಿಲಲ್ಲೇ ಲೆಕ್ಕ ಹಾಕಿದ. ಇದ್ದ ಎರಡು ಗಂಟೆಯೂ ಹೋಗುತ್ತದೆ, ಅದೂ ತನ್ನದೇ ಬಾಯಿಂದ.

ಮರುದಿನ ಬೆಳಿಗ್ಗೆ ಕವಾಯತಿನ ಮೈದಾನಕ್ಕೆ ಅವನು ಒಂದು ಹಲಗೆ ತಂದ. ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯನ್ನು ಅದಕ್ಕೆ ಮೊಳೆ ಹೊಡೆದು ಬಿಗಿದ. ಬೇರಿಂಗಿನ ಒಂದು ಉಕ್ಕಿನ ಗೋಲಿಯನ್ನಿಟ್ಟು, ಪಟ್ಟಿಯನ್ನು ಪ್ರತಿಸಲವೂ ಒಂದೇ ಗುರುತಿನವರೆಗೆ ಎಳೆದು ಬಿಟ್ಟ. ಪಂಪಿನವನು ಟೇಪು ಹಿಡಿದು ಓಡಾಡಿದ. ಮೂವತ್ತು ಡಿಗ್ರಿಗೆ ಹತ್ತೊಂಬತ್ತು ಮೀಟರ್. ನಲವತ್ತೈದಕ್ಕೆ ಇಪ್ಪತ್ತೆರಡು. ನೀರಣ್ಣ ಒಪ್ಪಲಿಲ್ಲ. ಮತ್ತೆ ಬಿಟ್ಟ. ಹತ್ತು ಸಲ ಬಿಟ್ಟ. ಗೋಲಿ ತನ್ನ ಹಟ ಬಿಡಲಿಲ್ಲ. ಆಮೇಲೆ ಪೈಪು ತಂದು ನೀರು ಬಿಟ್ಟು ನೋಡಿದರೆ, ನೀರು ಮಾತ್ರ ಅವನು ಹೇಳಿದಂತೆಯೇ ಮೂವತ್ತರ ಆಸುಪಾಸಿನಲ್ಲೇ ಹೆಚ್ಚು ದೂರ ಹೋಯಿತು.

"ನೀರನ್ನ ಗಾಳಿ ತಿನ್ನುತ್ತೆ ಅಣ್ಣ, ಗೋಲೀನ ತಿನ್ನಲ್ಲ," ಎಂದ ಪಂಪಿನವನು. "ಲೆಕ್ಕದ ಮೇಲುಗಡೆ ಒಂದು ಸಾಲು ಇರುತ್ತಲ್ಲ, ಗಾಳಿಯ ತಡೆಯನ್ನು ಗಣನೆಗೆ ತೆಗೆದುಕೊಳ್ಳಬೇಡಿ ಅಂತ. ನೀನು ಅದನ್ನ ಓದೇ ಇಲ್ಲ."

ಓದಿದ್ದ. ಓದಿ, ಯಾರೋ ತಿಳಿಯದವರು ಬರೆದಿದ್ದಾರೆಂದು ದಾಟಿಕೊಂಡು ಹೋಗಿದ್ದ. ಒದ್ದೆ ಮೈದಾನದಲ್ಲಿ ಪೈಪು ಹಿಡಿದು ನಿಂತವನಿಗೆ ಈಗ ಆ ಸಾಲಿನ ಮೇಲೆ ವಿಚಿತ್ರವಾದ ಆಸೆ ಹುಟ್ಟಿತು. ಗಾಳಿಯಿಲ್ಲದ ಒಂದು ಜಾಗ. ಅಲ್ಲಿ ಹೊರಟದ್ದು ದಾರಿಯಲ್ಲಿ ಒಡೆಯುವುದಿಲ್ಲ, ಉದುರುವುದಿಲ್ಲ, ಎಲ್ಲಿಗೆಂದು ಬಿಟ್ಟೆಯೋ ಅಲ್ಲಿಗೇ ಮುಟ್ಟುತ್ತದೆ. ಅಂಥ ಕಡೆ ತನ್ನ ಸಂಸಾರ ಇದ್ದಿದ್ದರೆ ಎಂದು ಅವನಿಗೆ ಅನ್ನಿಸಿತು. ಹೆಂಡತಿಯನ್ನು ನೆನೆದು ಕಣ್ಣು ತುಂಬಿತು. ಪಂಪಿನವನು ಟೇಪು ಸುತ್ತುವ ನೆಪದಲ್ಲಿ ಆಚೆ ತಿರುಗಿದ.

ಮುಂದಿನ ಭಾನುವಾರ ಅವನು ಕೋಣೆಯ ಬಾಗಿಲು ತಟ್ಟಿದ. "ನಾನು ತಪ್ಪು ಹೇಳಿದೆ. ನನ್ನ ತಪ್ಪಿಗೆ ನಿನ್ನ ಅಂಕ ಹೋಯ್ತು. ಹೊರಗೆ ಬಾ, ಯಾಕೆ ನಲವತ್ತೈದು ಅಂತ ತೋರಿಸ್ತೀನಿ," ಎಂದ. ಅಪ್ಪನ ಬಾಯಿಂದ ತಪ್ಪು ಎಂಬ ಮಾತನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅವನು ಗೋಲಿಯ ಕತೆ ಹೇಳಿದ, ಅಳತೆಗಳ ಚೀಟಿ ತೋರಿಸಿದ. ಪುಸ್ತಕದಲ್ಲಿರುವಾಗ ಗಾಳಿಯಿಲ್ಲ, ಮೈದಾನಕ್ಕೆ ಬಂದರೆ ಗಾಳಿಯಿದೆ, ಎರಡನ್ನೂ ಬೆರೆಸಬಾರದು ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡರು.

ಆ ತಿಂಗಳು ಅವರು ಬೆವರಿಳಿಯುವಷ್ಟು ದುಡಿದರು. ಕೊನೆಯ ಭಾನುವಾರ ಅವನು ಕೇಳಿದ, "ಪರೀಕ್ಷೆ ಆಯ್ತಾ?"

"ಮುಂದಕ್ಕೆ ಹಾಕಿದ್ದಾರೆ," ಎಂದಳು.

ಮುಂದಿನ ವಾರವೂ ಮುಂದಕ್ಕೆ ಹಾಕಿದ್ದರು. ಅದರ ಮುಂದಿನ ವಾರವೂ. ಕಾಲೇಜಿನವರಿಗೆ ಬುದ್ಧಿ ನೆಟ್ಟಗಿಲ್ಲ ಎಂದು ನೀರಣ್ಣ ಬೈದುಕೊಂಡ, ಒಳಗೊಳಗೇ ಅವರಿಗೆ ಕೈಮುಗಿದ. ಪರೀಕ್ಷೆ ಮುಂದೆ ಹೋದಷ್ಟೂ ಟ್ಯೂಷನ್ ಮುಂದೆ ಹೋಗುತ್ತಿತ್ತು. ಒಂದು ಮಾತ್ರ ಅವನ ನಿದ್ದೆ ಕೆಡಿಸಿತು. ಮಗಳು ಇತ್ತೀಚೆಗೆ ಹಳೆಯ ತಪ್ಪುಗಳನ್ನೇ ಮತ್ತೆ ಮಾಡುತ್ತಿದ್ದಳು. ಮೇಲಕ್ಕೆ ಹೋಗುವ ವೇಗದಿಂದ ಗುರುತ್ವವನ್ನು ಕಳೆಯುವ ಬದಲು ಕೂಡಿಸುತ್ತಿದ್ದಳು. ಸೈನ್ ಇರಬೇಕಾದ ಕಡೆ ಕೊಸೈನ್ ಹಾಕುತ್ತಿದ್ದಳು. ಹೀಗಾದರೆ ಪರೀಕ್ಷೆಯಲ್ಲಿ ಗತಿಯೇನು, ತನ್ನ ಭಾನುವಾರದ ಗತಿಯೇನು ಎಂದು ಅವನು ಒದ್ದಾಡಿದ.

ಹೀಗೆ ಮುಂದಕ್ಕೆ ಹೋದ ಐದನೆಯ ಭಾನುವಾರ, ಹೊಸ ಪೆನ್ಸಿಲ್ ತರುತ್ತೇನೆಂದು ಮಗಳು ಎದುರಿನ ಅಂಗಡಿಗೆ ಹೋದಳು. ಅತ್ತೆ ಚಹಾ ತಂದಿಟ್ಟು, ಹೋಗದೆ ಅಲ್ಲೇ ನಿಂತರು.

"ಅತ್ತೆ, ಇವಳಿಗೆ ಟ್ಯೂಷನ್ನೇ ಒಳ್ಳೇದೇನೋ," ಎಂದ ನೀರಣ್ಣ. ಹೇಳುವಾಗ ಅವನ ದನಿ ಬಿದ್ದುಹೋಗಿತ್ತು. "ನನ್ನ ಕೈಲಿ ಆಗ್ತಿಲ್ಲ. ಪರೀಕ್ಷೇಲಿ ಮತ್ತೆ ಸೋತ್ರೆ ನನ್ನಿಂದಾನೇ ಸೋತ ಹಾಗೆ. ನನ್ನ ಭಾನುವಾರ ಹೋದ್ರೆ ಹೋಗ್ಲಿ, ಅವಳ ಓದು ಕೆಡಬಾರದು."

ಅತ್ತೆ ಅವನನ್ನು ಪೆದ್ದನನ್ನು ನೋಡುವಂತೆ ನೋಡಿದರು. "ಯಾವ ಪರೀಕ್ಷೆ? ಅದು ಮುಗಿದು ತಿಂಗಳಾಯ್ತಲ್ಲ. ಇಪ್ಪತ್ತಕ್ಕೆ ಇಪ್ಪತ್ತು. ಟ್ಯೂಷನ್ ಮಾತು ಅವತ್ತೇ ಬಿಟ್ಟಾಯ್ತು. ನಿಮಗೆ ಹೇಳಿಲ್ವಾ ಅವಳು?"

ನೀರಣ್ಣ ಎತ್ತಿದ ಲೋಟವನ್ನು ಕೆಳಗಿಟ್ಟ.

"ನೀವು ಡ್ಯೂಟಿ ಡ್ಯೂಟಿ ಅಂತ ಬರದೇ ಇದ್ದ ಭಾನುವಾರಗಳಿದ್ವಲ್ಲ," ಎಂದು ಅತ್ತೆ ಲೋಟ ಸರಿಸುತ್ತ ಹೇಳಿದರು, "ನಾನು ಫೋನ್ ಬಂದಿತ್ತು ಅಂತ ಹೇಳಿದ್ರೂ ಐದು ಹೊಡೆಯೋವರೆಗೂ ಈ ಮೇಜು ಬಿಟ್ಟು ಏಳ್ತಿರಲಿಲ್ಲ ಆ ಮಗು. ನಿಮಗೆ ಗೊತ್ತಿರಲಿ ಅಂತ ಹೇಳಿದೆ." ಅವರು ಒಳಗೆ ಹೋದರು.

ಮಗಳು ಬಂದು ಕುಳಿತಳು. ಪೆನ್ಸಿಲ್ ಚೂಪು ಮಾಡಿದಳು. ನೋಟ್‌ಪುಸ್ತಕವನ್ನು ಅವನ ಕಡೆ ತಳ್ಳಿ, "ಇದೊಂದು ಗೊತ್ತಾಗ್ತಿಲ್ಲ ಅಪ್ಪ," ಎಂದಳು. ಮೂವತ್ತು ಮೀಟರ್ ಎತ್ತರದ ಗೋಪುರದಿಂದ ಎಸೆದ ಚೆಂಡು. ಎಲ್ಲ ಹಂತವೂ ಅಚ್ಚುಕಟ್ಟಾಗಿತ್ತು, ಕೊನೆಯಲ್ಲಿ ಒಂದು ಕಡೆ ಮಾತ್ರ ಕಳೆಯುವ ಗುರುತಿನ ಬದಲು ಕೂಡುವ ಗುರುತು. ನೀರಣ್ಣ ಅದನ್ನು ನೋಡಿದ. ತಾನು ಬಾರದ ಒಂದೊಂದು ಭಾನುವಾರವೂ ಅವನ ಎದೆಯ ಮೇಲೆ ಬಂದು ಕುಳಿತಿತು. ಪೆನ್ಸಿಲ್ ಎತ್ತಿಕೊಳ್ಳಲಿಲ್ಲ.

"ಮುಂದಿನ ಪಾಠ ಯಾವುದು?" ಎಂದು ಕೇಳಿದ.

ಅವಳ ಮುಖ ಬಿಳಿಚಿಕೊಂಡಿತು. "ಘರ್ಷಣೆ. ಅದು ನಿಂಗೆ ಗೊತ್ತಿಲ್ವಲ್ಲ."

"ಗೊತ್ತಿಲ್ಲ. ಆದ್ರೂ ಬರ್ತೀನಿ. ಪಾಠ ಇಲ್ಲದಿದ್ರೂ ಬರ್ತೀನಿ."

"ಡ್ಯೂಟಿ ಬಿದ್ರೆ?"

ಅವಳು ಏನು ಕೇಳುತ್ತಿದ್ದಾಳೆಂದು ಅವನಿಗೆ ಚೆನ್ನಾಗಿ ತಿಳಿಯಿತು. "ಆಗೆಲ್ಲ ಡ್ಯೂಟಿ ಬಿದ್ದಿರಲಿಲ್ಲ ಪುಟ್ಟಿ. ನಾನೇ ಕೇಳಿ ಹಾಕಿಸ್ಕೊಂಡಿದ್ದೆ. ನಿನ್ನ ಮುಂದೆ ಕೂತು ಏನು ಮಾತಾಡೋದು ಅಂತ ಗೊತ್ತಾಗ್ದೆ ಹೆದರಿ ಓಡಿಹೋಗಿದ್ದೆ."

ಅವಳು ಪೆನ್ಸಿಲ್ಲಿನ ಮೊನೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ, "ನಂಗೂ ಗೊತ್ತಾಗ್ತಿರಲಿಲ್ಲ," ಎಂದಳು. ನೋಟ್‌ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಕೂಡುವ ಗುರುತನ್ನು ಅಳಿಸಿ, ಅರ್ಧ ನಿಮಿಷದೊಳಗೆ ಸರಿಯುತ್ತರ ಬರೆದು ಮುಚ್ಚಿಟ್ಟಳು.

ಐದಕ್ಕೆ ಇನ್ನೂ ನಲವತ್ತು ನಿಮಿಷವಿತ್ತು. ಇಬ್ಬರಿಗೂ ಹೇಳಲು ಒಂದು ಮಾತೂ ಹೊಳೆಯಲಿಲ್ಲ. ನೀರಣ್ಣ ಗಡಿಯಾರ ನೋಡದೆ ಕುಳಿತೇ ಇದ್ದ.